ಸಹಾಯ ಬೇಕು: ಅಣ್ಣನ ಕೈಯ ಕುರುವಿಗೂ ಹಟ್ಟಿಯ ಹಸುವಿಗೂ ನಂಟಿದೆಯೇ?

ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ. ಹಟ್ಟಿಯಲ್ಲಿ ಮೂರು ಮಿಶ್ರತಳಿ ಹಸುಗಳು, ಒಂದು ಕಾಸರಗೋಡು ಗಿಡ್ಡ. ಹಾಲು ಕರೆಯುವವನು ಅಣ್ಣ. ಮಳೆಗಾಲದಲ್ಲಿ ಒಂದು ಹಸುವಿಗೆ ಕೆಚ್ಚಲು ಬಾವು ಬಂದಾಗ ಮೊಲೆಗೆ ಔಷಧಿ ಏರಿಸಿದ್ದೂ ಅವನೇ. ಆಮೇಲೆ ಅವನ ಹೆಬ್ಬೆರಳಿನ ಬುಡದಲ್ಲಿ ಕುರು ಎದ್ದಿತು. ಎರಡು ಸಲ ಮಾತ್ರೆ ಪೂರ್ತಿ ನುಂಗಿದರೂ, ಒಣಗಿದ ಹಾಗೆ ಮಾಡಿ ಮತ್ತೆ ಕೀವು ತುಂಬುತ್ತಿತ್ತು. ಕೀವಿನ ಕಲ್ಚರ್ ಪರೀಕ್ಷೆಯಲ್ಲಿ (ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕಂಡದ್ದು ಎಂಆರ್‌ಎಸ್‌ಎ, ಅಂದರೆ ಪೆನಿಸಿಲಿನ್ ಬಳಗದ ಬಹುತೇಕ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಈಗ ಬೇರೆ ಔಷಧಿ ನಡೆಯುತ್ತಿದೆ.

ಈ ರೋಗಾಣು ಯಾವ ಲಕ್ಷಣವೂ ಇಲ್ಲದೆ ಮೂಗಿನೊಳಗೆ ಕುಳಿತಿರಬಲ್ಲದು, ದನದಿಂದ ಮನುಷ್ಯನಿಗೂ ಮನುಷ್ಯನಿಂದ ದನಕ್ಕೂ ದಾಟಬಲ್ಲದು ಎಂದು ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ಮನೆಯಲ್ಲಿ ಎಂಟು ತಿಂಗಳ ಮಗುವಿದೆ. ವೈದ್ಯರು ‘ದನದ ವಿಷಯ ಪಶುವೈದ್ಯರಲ್ಲಿ ಕೇಳಿ’ ಎಂದರು. ಪಶುವೈದ್ಯರು ‘ಬಾವು ಇಳಿದಿದೆಯಲ್ಲ, ಇನ್ನೇನು?’ ಎಂದರು. ಹಾಲನ್ನು ಕುದಿಸಿಯೇ ಕುಡಿಯುತ್ತೇವೆ. ಅಣ್ಣನ ಟವೆಲ್ ಬೇರೆ ಇಟ್ಟಿದ್ದೇವೆ. ಈಗ ಅತ್ತಿಗೆ ಹಾಲು ಕರೆಯುತ್ತಾರೆ.

ಬಾವು ಇಳಿದ ಹಸುವಿನ ಹಾಲನ್ನೂ ಕಲ್ಚರ್ ಮಾಡಿಸಬೇಕೇ? ಹೌದಾದರೆ ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಎಲ್ಲಿ ಮಾಡುತ್ತಾರೆ? ಮನೆಯವರ ಮೂಗಿನ ಸ್ವಾಬ್ ಪರೀಕ್ಷೆಯೂ ಬೇಕೇ? ತಿಳಿದ ಪಶುವೈದ್ಯರು, ಇದನ್ನು ಅನುಭವಿಸಿದ ಹೈನುಗಾರರು ದಯವಿಟ್ಟು ತಿಳಿಸಿ.