ಪದಚರ್ಚೆ: ಪಿಂಚಣಿ ಲೆಕ್ಕವನ್ನು ‘ಬಹಿರಂಗಪಡಿಸುವುದೋ’, ತಿಳಿಸುವುದೋ?

ಗೆಳೆಯರೇ, ನಮಸ್ಕಾರ.

ಒಂದು ಪದದಲ್ಲಿ ಸಿಕ್ಕಿಹಾಕಿಕೊಂಡು ಹದಿನೈದು ದಿನ ಆಯಿತು. ಒಬ್ಬನೇ ಒದ್ದಾಡಿದ್ದು ಸಾಕು ಅಂತ ನಿಮ್ಮ ಮುಂದೆ ಇಡುತ್ತಿದ್ದೇನೆ. ಪದ ಇಂಗ್ಲಿಷಿನ ‘ಡಿಸ್‌ಕ್ಲೋಷರ್’. ಅದರಲ್ಲೇನಿದೆ, ‘ಬಹಿರಂಗಪಡಿಸುವಿಕೆ’ ಅಂತ ಹಾಕಿ ಮುಂದಕ್ಕೆ ಹೋಗಿ ಅನ್ನುತ್ತೀರಿ, ಅಲ್ವಾ? ನಾನೂ ಹಾಗೇ ಮಾಡಿದ್ದೆ.

ಸಂದರ್ಭ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಗೆಳತಿಯೊಬ್ಬರು ಅಲ್ಲಿನ ಕನ್ನಡಿಗರಿಗಾಗಿ ಒಂದು ಚಿಕ್ಕ ಕೈಪಿಡಿ ಮಾಡುತ್ತಿದ್ದಾರೆ. ನಗರಾಡಳಿತ ತನ್ನ ನೌಕರರಿಗೆ ಕೊಡುವ ಪಿಂಚಣಿ, ನಿವೃತ್ತರಾದ ಮೇಲೂ ಕಟ್ಟುವ ಆರೋಗ್ಯ ವಿಮೆ, ಇವುಗಳ ಖರ್ಚು ಎಷ್ಟು, ಅದನ್ನು ಜನರಿಗೆ ಯಾವಾಗ ಹೇಗೆ ತಿಳಿಸಬೇಕು ಅನ್ನೋದು ವಿಷಯ. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕರಡಿಗೆ ‘ಸರ್ಕಾರಿ ನೌಕರರ ಪಿಂಚಣಿ ವೆಚ್ಚ ಬಹಿರಂಗ’ ಅಂತ ತಲೆಬರಹ ಕೊಟ್ಟು ಅತ್ತಿಗೆಗೆ ಓದಲು ಕೊಟ್ಟೆ. ಅವರು ತಲೆಬರಹ ನೋಡಿದವರೇ ಕೇಳಿದ್ದು, ‘ಯಾರಪ್ಪಾ ಸಿಕ್ಕಿಬಿದ್ದಿದ್ದು?’

ತಪ್ಪು ಅವರದಲ್ಲ. ‘ಬಹಿರಂಗ ಸಭೆ’, ‘ಬಹಿರಂಗ ಹರಾಜು’, ‘ಬಹಿರಂಗ ಪತ್ರ’ ಅಂದರೆ ಯಾರಿಗೂ ಯಾವ ಅನುಮಾನವೂ ಬರುವುದಿಲ್ಲ. ಎಲ್ಲರ ಎದುರಿಗೆ ನಡೆಯುವಂಥದ್ದು, ಅಷ್ಟೇ. ಆದರೆ ಅದಕ್ಕೆ ‘ಪಡಿಸು’ ಸೇರಿಸಿದ ಕೂಡಲೇ ಪದದ ಬಣ್ಣ ಬದಲಾಗುತ್ತದೆ. ಏನೋ ಮುಚ್ಚಿಟ್ಟಿದ್ದರು, ಈಗ ಹೊರಗೆ ಬಂತು ಅನ್ನುವ ವಾಸನೆ. ‘ಬಯಲಿಗೆ ಬಂತು’ ಅನ್ನುವುದಕ್ಕೂ ಇದಕ್ಕೂ ಒಂದೇ ಹೆಜ್ಜೆ ದೂರ. ಪತ್ರಿಕೆಗಳ ತಲೆಬರಹಗಳು ಇದನ್ನು ಇನ್ನೂ ಕೆಡಿಸಿವೆ ಅಂತ ನನ್ನ ಗುಮಾನಿ.

ಸರಿ, ‘ಪ್ರಕಟಿಸು’ ಹಾಕೋಣ ಅಂದುಕೊಂಡು ಮತ್ತೆ ಮೂಲ ಓದಿದೆ. ಆಗ ಕಂಡದ್ದು ಏನೆಂದರೆ, ಇಂಗ್ಲಿಷಿನಲ್ಲಿ ಒಂದೇ ಪದ ಇದ್ದರೂ ಕೆಲಸ ನಾಲ್ಕು ಬಗೆಯದು, ನಾಲ್ಕಕ್ಕೂ ಕನ್ನಡದ ಒಂದೇ ಕ್ರಿಯಾಪದ ಹೊಂದುವುದಿಲ್ಲ.

ಒಂದು, ಲೆಕ್ಕಪತ್ರದಲ್ಲಿ ತೋರಿಸುವುದು. ಅಮೆರಿಕದಲ್ಲಿ ರಾಜ್ಯ ಸರ್ಕಾರಗಳು, ನಗರಗಳು ಲೆಕ್ಕ ಹೇಗೆ ಬರೆಯಬೇಕು ಅನ್ನುವುದಕ್ಕೆ 1984ರಲ್ಲಿ ಶುರುವಾದ ಒಂದು ಮಂಡಳಿ ಇದೆ, ಆ ವಲಯದವರು ‘ಗ್ಯಾಸ್ಬಿ’ ಅನ್ನುತ್ತಾರೆ. ಅದರ 45ನೇ ನಿಯಮ 2004ರಲ್ಲಿ ಬಂತು. ಅದಕ್ಕೆ ಮುಂಚೆ ಬಹುಪಾಲು ನಗರಗಳು ನಿವೃತ್ತರ ಆರೋಗ್ಯ ವಿಮೆಗೆ ಈ ವರ್ಷ ಎಷ್ಟು ಕಟ್ಟಿದೆವೋ ಅಷ್ಟನ್ನೇ ಖರ್ಚು ಅಂತ ಬರೆದು ಪುಸ್ತಕ ಮುಚ್ಚುತ್ತಿದ್ದವು. ಇವತ್ತು ಕೆಲಸ ಮಾಡುತ್ತಿರುವ ನೌಕರರಿಗೆ ಮೂವತ್ತು ವರ್ಷ ಆದ ಮೇಲೆ ಏನು ಕೊಡಬೇಕಾಗುತ್ತದೆ ಅನ್ನುವ ಲೆಕ್ಕ ಎಲ್ಲೂ ಇರುತ್ತಿರಲಿಲ್ಲ. ಅದನ್ನೂ ಅಂದಾಜು ಮಾಡಿ ಅಂತ 45 ಹೇಳಿತು. ಆದರೂ ಮೊತ್ತದ ಬಹುಭಾಗ ಲೆಕ್ಕದ ಕೊನೆಯ ಟಿಪ್ಪಣಿಗಳಲ್ಲೇ ಉಳಿಯಿತು. 2015ರಲ್ಲಿ ಬಂದ 75ನೇ ನಿಯಮ ಅದನ್ನು ಎಳೆದು ತಂದು ಆಸ್ತಿ-ಹೊಣೆ ಪಟ್ಟಿಯಲ್ಲೇ ಕೂರಿಸಿತು. ಇಲ್ಲಿ ‘ಡಿಸ್‌ಕ್ಲೋಷರ್’ ಅಂದರೆ ‘ಲೆಕ್ಕದಲ್ಲಿ ತೋರಿಸುವುದು’. ತೋರಿಸು ಎಷ್ಟು ಒಳ್ಳೆಯ ಕ್ರಿಯಾಪದ ನೋಡಿ, ನಮ್ಮ ಲೆಕ್ಕಿಗರು ‘ಈ ಬಾಬ್ತು ಎಲ್ಲಿ ತೋರಿಸಿದ್ದೀರಿ’ ಅಂತಲೇ ಕೇಳುವುದು.

ಎರಡು, ಸಾಲ ಕೊಡುವವರಿಗೆ ಹೇಳುವುದು. ನಗರಗಳು ಬಾಂಡ್ ಮಾರಿ ಹಣ ಎತ್ತುವಾಗ ತಮ್ಮ ಮೇಲೆ ಏನೇನು ಹೊಣೆ ಇದೆ ಅಂತ ಹೇಳಬೇಕು. ಸ್ಯಾನ್ ಡಿಯೇಗೋ ನಗರ ಪಿಂಚಣಿ ಮತ್ತು ನಿವೃತ್ತರ ಆರೋಗ್ಯದ ಹೊರೆ ಎಷ್ಟಿದೆ ಅನ್ನುವುದನ್ನು ಸರಿಯಾಗಿ ಹೇಳಲಿಲ್ಲ ಅಂತ ಅಮೆರಿಕದ ಷೇರುಪೇಟೆ ನಿಯಂತ್ರಕರು 2006ರಲ್ಲಿ ಆದೇಶ ಹೊರಡಿಸಿದರು. 2010ರಲ್ಲಿ ನ್ಯೂಜೆರ್ಸಿ ರಾಜ್ಯದ ಮೇಲೆ ಇಂಥದ್ದೇ ಆರೋಪ ಬಂತು. ಒಂದು ರಾಜ್ಯದ ಮೇಲೆ ಹಾಗೆ ಬಂದದ್ದು ಅದೇ ಮೊದಲು. ಇಲ್ಲಿ ‘ತಿಳಿಸುವುದು’ ಸಾಲದು, ಕೇಳದಿದ್ದರೂ ಹೇಳಲೇಬೇಕು ಅನ್ನುವ ಕಟ್ಟುಪಾಡು ಇದೆ. ‘ಅರುಹು’ ಚೆನ್ನಾಗಿದೆ, ಆದರೆ ಈಗ ಯಾರು ಬಳಸುತ್ತಾರೆ? ‘ಮುಚ್ಚಿಡದೆ ಹೇಳುವುದು’ ಅಂತ ಬರೆದಿದ್ದೇನೆ, ಉದ್ದ ಆಯಿತು.

ಮೂರನೆಯದು ಜಗಳದ ಜಾಗ. ಯಾವ ನಿವೃತ್ತರಿಗೆ ಎಷ್ಟು ಪಿಂಚಣಿ ಬರುತ್ತದೆ ಅಂತ ಹೆಸರು ಸಮೇತ ಕೊಡುವುದು. ಸರ್ಕಾರಿ ನೌಕರರ ಸಂಬಳ ಹೆಸರಿನ ಜೊತೆಗೇ ಸಾರ್ವಜನಿಕ ಮಾಹಿತಿ ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿತ್ತು. 2011ರಲ್ಲಿ ಸ್ಯಾಕ್ರಮೆಂಟೊ ಕೌಂಟಿಯ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಪಿಂಚಣಿಯ ಮೊತ್ತವನ್ನೂ ಹಾಗೇ ಕೊಡಬೇಕು ಅಂದಿತು. ಈ ಅರ್ಥಕ್ಕೆ ಮಾತ್ರ ‘ಬಹಿರಂಗಪಡಿಸು’ ನಿಜವಾಗಿ ಹೊಂದುತ್ತದೆ ಅನ್ನಿಸುತ್ತದೆ, ಯಾಕೆಂದರೆ ಕೊಡಲು ಮನಸ್ಸಿಲ್ಲದವರ ಕೈಯಿಂದ ಹೊರಗೆ ಬರುವ ಮಾಹಿತಿ ಇದು.

ನಾಲ್ಕನೆಯದೇ ನನ್ನ ಕೈಪಿಡಿಯ ಜೀವ, ನಾನು ಎಡವಿದ್ದೂ ಅಲ್ಲೇ. ಕ್ಯಾಲಿಫೋರ್ನಿಯಾದ ಸರ್ಕಾರಿ ಸಂಹಿತೆಯಲ್ಲಿ 7507 ಅಂತ ಒಂದು ಕಲಮು ಇದೆ. ಸ್ಥಳೀಯ ಆಡಳಿತ ತನ್ನ ನೌಕರರ ಪಿಂಚಣಿಯನ್ನೋ ನಿವೃತ್ತಿ ನಂತರದ ಬೇರೆ ಸೌಲಭ್ಯವನ್ನೋ ಹೆಚ್ಚಿಸಬೇಕು ಅಂದರೆ, ಮುಂದಕ್ಕೆ ಅದರಿಂದ ಆಗುವ ಖರ್ಚನ್ನು ತಜ್ಞರಿಂದ ಲೆಕ್ಕ ಹಾಕಿಸಿ, ಒಪ್ಪಿಗೆ ಕೊಡುವ ಸಭೆಗೆ ಕನಿಷ್ಠ ಎರಡು ವಾರ ಮೊದಲು ಸಾರ್ವಜನಿಕ ಸಭೆಯಲ್ಲಿ ಹೇಳಬೇಕು. ಹೀಗೆ ಹೆಚ್ಚುವ ಖರ್ಚು, ಈಗಿರುವ ಸೌಲಭ್ಯಗಳ ಮುಂದಿನ ವಾರ್ಷಿಕ ಖರ್ಚಿನ ಅರ್ಧ ಶೇಕಡಕ್ಕಿಂತ ಜಾಸ್ತಿ ಇದ್ದರೆ ಆ ತಜ್ಞರೇ ಸಭೆಯಲ್ಲಿ ಕೂತಿರಬೇಕು, ಕೇಳಿದ್ದಕ್ಕೆ ಉತ್ತರ ಕೊಡಲು. ಒಪ್ಪಿಗೆ ಆದ ಮೇಲೆ ಆಡಳಿತದ ಮುಖ್ಯಾಧಿಕಾರಿ ‘ಈಗಿನ ಖರ್ಚೂ ಮುಂದಿನ ಖರ್ಚೂ ನನಗೆ ಅರ್ಥವಾಗಿದೆ’ ಅಂತ ಬರಹದಲ್ಲಿ ಒಪ್ಪಿಕೊಳ್ಳಬೇಕು. (ಈ ಕೊನೆಯ ವಾಕ್ಯ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅರ್ಥವಾಗಿದೆ ಅಂತ ಬರೆಸಿಕೊಳ್ಳಬೇಕು ಅಂತ ಯಾರಿಗೋ ಅನ್ನಿಸಿದೆ ಅಂದರೆ ಹಿಂದೆ ಏನೇನು ಆಗಿರಬೇಡ!)

ಇಲ್ಲಿ ಬಯಲಾಗುವ ಗುಟ್ಟು ಯಾವುದೂ ಇಲ್ಲ. ಖರ್ಚು ಇನ್ನೂ ಆಗಿಯೇ ಇಲ್ಲ. ನಮ್ಮಲ್ಲಿ ‘ಲೆಕ್ಕ ಒಪ್ಪಿಸು’ ಅಂತ ಗಟ್ಟಿಯಾದ ಮಾತಿದೆ, ಅದನ್ನೇ ಹಾಕಲು ಕೈ ತುರಿಸಿತು. ಆದರೆ ಲೆಕ್ಕ ಒಪ್ಪಿಸುವುದು ಖರ್ಚಾದ ಮೇಲೆ. ಕಲಮು ಕೇಳುತ್ತಿರುವುದು ಒಪ್ಪಿಗೆಗೆ ಕೈಯೆತ್ತುವ ಮೊದಲಿನ ಲೆಕ್ಕವನ್ನು. ಸದ್ಯಕ್ಕೆ ‘ಮುಂಗಡವಾಗಿ ಲೆಕ್ಕ ತಿಳಿಸುವುದು’ ಅಂತ ಬರೆದಿದ್ದೇನೆ. ‘ಮುಂಗಡ’ ಅಂದರೆ ಜನಕ್ಕೆ ಅಡ್ವಾನ್ಸ್ ಹಣ ನೆನಪಾಗುತ್ತದೆ ಅನ್ನುವ ಭಯ ಬೇರೆ. ‘ಮುಂಚಿತವಾಗಿ’ ವಾಸಿಯೇ? ‘ಮುನ್ನೆಲೆಕ್ಕ’ ಅಂತ ಹೊಸದಾಗಿ ಕಟ್ಟಿದರೆ ಯಾರಾದರೂ ನಗುತ್ತೀರಾ?

ಇದೇ ಕಲಮಿನಲ್ಲಿ ಇನ್ನೊಂದು ಪದ ಇದೆ, ‘ಕನ್ಸೆಂಟ್ ಕ್ಯಾಲೆಂಡರ್’. ಈ ಸೌಲಭ್ಯಗಳ ವಿಷಯವನ್ನು ಅದರಲ್ಲಿ ಸೇರಿಸಕೂಡದು ಅಂತ ನಿಯಮ. ಯಂತ್ರಾನುವಾದ ನನಗೆ ಕೊಟ್ಟದ್ದು ‘ಸಮ್ಮತಿ ಪಂಚಾಂಗ’. ರಾಹುಕಾಲ ನೋಡಿ ಪಿಂಚಣಿ ಏರಿಸುತ್ತಾರೇನೋ ಅನ್ನುವ ಹಾಗಿದೆ. ಅಸಲಿಗೆ ಅದು ಸಭೆಯ ಕಾರ್ಯಸೂಚಿಯ ಒಂದು ಭಾಗ. ಹಿಂದಿನ ಸಭೆಯ ನಡಾವಳಿ, ಮಾಮೂಲಿ ಬಿಲ್ಲುಗಳು ಇಂಥವನ್ನೆಲ್ಲ ಒಟ್ಟು ಹಾಕಿ, ಚರ್ಚೆ ಇಲ್ಲದೆ ಒಂದೇ ಮತಕ್ಕೆ ಹಾಕಿ ಪಾಸು ಮಾಡುವ ಪಟ್ಟಿ. ದೊಡ್ಡ ಖರ್ಚಿನ ವಿಷಯ ಅದರ ಮಧ್ಯೆ ಸೇರಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಈ ನಿರ್ಬಂಧ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ‘ಸಾರಾಸಗಟು ಒಪ್ಪಿಗೆಯ ಪಟ್ಟಿ’ ಹೊಳೆಯಿತು. ‘ಸಾರಾಸಗಟಾಗಿ’ ಅನ್ನುವಾಗ ಬಿಡಿಬಿಡಿಯಾಗಿ ನೋಡಲಿಲ್ಲ ಅನ್ನುವ ಅರ್ಥ ತಾನೇ ಬರುತ್ತದೆ. ಇದರ ಬಗ್ಗೆ ಮಾತ್ರ ನನಗೆ ಒಳಗೊಳಗೇ ಹೆಮ್ಮೆ, ತಪ್ಪಿದ್ದರೆ ಮೆತ್ತಗೆ ಹೇಳಿ.

ಉಳಿದ ಪದಗಳಿಗೆ ಬರುತ್ತೇನೆ.

‘ಪಿಂಚಣಿ’ಯೋ ‘ನಿವೃತ್ತಿ ವೇತನ’ವೋ? ಇದು ಬರೀ ರುಚಿಯ ಪ್ರಶ್ನೆ ಅಂದುಕೊಂಡಿದ್ದೆ, ಅಲ್ಲ. ವೃದ್ಧಾಪ್ಯ ಪಿಂಚಣಿ, ವಿಧವಾ ಪಿಂಚಣಿ ಅನ್ನುತ್ತೇವೆ, ಅಲ್ಲಿ ಅದು ಸರ್ಕಾರ ಕೊಡುವ ಸಹಾಯ. ‘ನಿವೃತ್ತಿ ವೇತನ’ದಲ್ಲಿ ‘ವೇತನ’ ಇದೆ, ದುಡಿದದ್ದಕ್ಕೆ ಬರುವ ದುಡ್ಡು ಅನ್ನುವುದು ಪದದಲ್ಲೇ ಇದೆ. ಕ್ಯಾಲಿಫೋರ್ನಿಯಾದ ನ್ಯಾಯಾಲಯಗಳು ಇದನ್ನು ನೋಡುವುದೂ ಹಾಗೇ, ಆಗ ಕೊಡದೆ ಆಮೇಲೆ ಕೊಡುವ ಸಂಬಳ ಅಂತ. ಅರ್ಥದ ದೃಷ್ಟಿಯಿಂದ ನಿವೃತ್ತಿ ವೇತನವೇ ಸರಿ. ಆದರೆ ನೂರು ಸಲ ಬರುವ ಪದ, ಓದುವವರ ಬಾಯಲ್ಲಿ ಇರುವುದು ಪಿಂಚಣಿ. ಒಂದು ಸಲ ವಿವರಿಸಿ, ಆಮೇಲೆ ಪಿಂಚಣಿ ಅಂತಲೇ ಬಿಟ್ಟಿದ್ದೇನೆ.

‘ಅನ್‌ಫಂಡೆಡ್ ಲಯಬಿಲಿಟಿ’ಯದು ದೊಡ್ಡ ಕಥೆ. ಕೊಡುತ್ತೇವೆ ಅಂತ ಮಾತು ಕೊಟ್ಟಾಗಿದೆ, ಅದಕ್ಕೆ ಬೇಕಾದ ಹಣ ಎತ್ತಿಟ್ಟಿಲ್ಲ, ಆ ವ್ಯತ್ಯಾಸದ ಮೊತ್ತ. ಒಬ್ಬರು ‘ಅನಿಧಿತ ಹೊಣೆಗಾರಿಕೆ’ ಸೂಚಿಸಿದರು. ಹತ್ತು ಜನರಲ್ಲಿ ಒಂಬತ್ತು ಜನ ಅದನ್ನು ‘ಅನಧಿಕೃತ’ ಅಂತ ಓದುತ್ತಾರೆ, ಮತ್ತೆ ಅತ್ತಿಗೆಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ‘ಬಾಕಿ’ ಅಂದರೆ ಕಟ್ಟುವ ದಿನ ದಾಟಿದೆ ಅನ್ನಿಸುತ್ತದೆ, ಇಲ್ಲಿ ದಾಟಿಲ್ಲ. ‘ಕೊರತೆ’ ಅಂದರೆ ಈ ವರ್ಷದ ಬಜೆಟ್ಟಿನ ಕೊರತೆ ಜೊತೆ ಕಲಸಿಹೋಗುತ್ತದೆ. ನಾನು ಇಟ್ಟಿರುವುದು ‘ಕೂಡಿಡದ ಹೊಣೆ’. ಪಿಂಚಣಿಗೆ ಸಾಮಾನ್ಯವಾಗಿ ಒಂದಿಷ್ಟಾದರೂ ಕೂಡಿಟ್ಟಿರುತ್ತಾರೆ, ನಿವೃತ್ತರ ಆರೋಗ್ಯಕ್ಕೆ ಎಷ್ಟೋ ಕಡೆ ಏನೂ ಇಡದೆ ಆಯಾ ವರ್ಷದ ದುಡ್ಡಿನಲ್ಲೇ ಕಟ್ಟುತ್ತ ಬಂದಿದ್ದಾರೆ. ಹಾಗಾಗಿ ‘ಕೂಡಿಡದ’ ಎರಡಕ್ಕೂ ನಡೆಯುತ್ತದೆ. 2012ರಲ್ಲಿ ದಿವಾಳಿ ಅರ್ಜಿ ಹಾಕಿದ ಸ್ಟಾಕ್‌ಟನ್ ನಗರದಲ್ಲಿ ಪಿಂಚಣಿ ಉಳಿಯಿತು, ನಿವೃತ್ತರ ಆರೋಗ್ಯ ಸೌಲಭ್ಯ ಹೋಯಿತು. ಕೂಡಿಡದೆ ಇರುವುದು ಬರೀ ಲೆಕ್ಕದವರ ತಲೆನೋವಲ್ಲ ಅನ್ನೋದಕ್ಕೆ ಕೈಪಿಡಿಯಲ್ಲಿ ಅದೇ ಉದಾಹರಣೆ.

‘ನಿವೃತ್ತರ ಆರೋಗ್ಯ ವೆಚ್ಚ’ ಅಂತ ಬರೆದರೆ ಆಸ್ಪತ್ರೆ ಬಿಲ್ಲು ಅಂದುಕೊಳ್ಳುತ್ತಾರೆ. ಬಹುಪಾಲು ಅದು ವಿಮೆಯ ಕಂತು. ಅಲ್ಲಿ ಸರ್ಕಾರವೇ ನಡೆಸುವ ಆರೋಗ್ಯ ವಿಮೆ ‘ಮೆಡಿಕೇರ್’ ಸಾಮಾನ್ಯವಾಗಿ ಸಿಗುವುದು 65 ವಯಸ್ಸಿಗೆ. ಪೊಲೀಸರು 50ಕ್ಕೇ ನಿವೃತ್ತರಾದರೆ ನಡುವಿನ 15 ವರ್ಷದ ಕಂತು ನಗರದ ತಲೆ ಮೇಲೆ. ಅದಕ್ಕೇ ‘ನಿವೃತ್ತರ ಆರೋಗ್ಯ ವಿಮೆ’ ಅಂತ ಬಿಡಿಸಿ ಬರೆದಿದ್ದೇನೆ. 50 ಅಂದಾಗ ನೆನಪಾಯಿತು, ಮೂಲದಲ್ಲಿ ‘50ಕ್ಕೆ 3 ಶೇಕಡ’ ಅನ್ನುವ ಮಾತು ಪದೇಪದೇ ಬರುತ್ತದೆ. 50 ತುಂಬಿದವರಿಗೆ ಸೇವೆಯ ಪ್ರತಿ ವರ್ಷಕ್ಕೆ ಕೊನೆಯ ಸಂಬಳದ 3 ಶೇಕಡ, ಅಂದರೆ 30 ವರ್ಷ ದುಡಿದವರಿಗೆ ಸಂಬಳದ 90 ಶೇಕಡ. 1999ರ ಕಾಯಿದೆಯಲ್ಲಿ ಹೆದ್ದಾರಿ ಪೊಲೀಸರಿಗೆ ಬಂದದ್ದು ಆಮೇಲೆ ಎಷ್ಟೋ ನಗರಗಳಿಗೆ ಹರಡಿತು. 2013ರಿಂದ ಹೊಸದಾಗಿ ಸೇರುವವರಿಗೆ ಇದು ಇಲ್ಲ. ಕನ್ನಡದಲ್ಲಿ ‘50ಕ್ಕೆ 3’ ಅಂದರೆ ಐವತ್ತು ರೂಪಾಯಿಗೆ ಮೂರು ಮಾವಿನಹಣ್ಣು ಅಂದ ಹಾಗೆ ಕೇಳಿಸುತ್ತದೆ. ‘50ರ ವಯಸ್ಸಿಗೆ, ವರ್ಷಕ್ಕೆ 3 ಶೇಕಡ’ ಅಂತ ಮಾಡಿದೆ, ವಿಧಿಯಿಲ್ಲ.

‘ಡಿಸ್ಕೌಂಟ್ ರೇಟ್’ ಅನ್ನು ‘ರಿಯಾಯಿತಿ ದರ’ ಅಂತ ಮಾಡಿದ್ದನ್ನು ನೋಡಿದ್ದೇನೆ. ಬೇಡ, ದಯವಿಟ್ಟು. ವಾಣಿಜ್ಯದ ಪಠ್ಯಗಳ ‘ಸೋಡಿ’ ಇದೆ, ಆದರೆ ಅದೂ ಬೆಲೆಯಲ್ಲಿ ಬಿಡುವ ಕಡಿತವೇ. ಇಲ್ಲಿನ ಅರ್ಥ ಬೇರೆ. ಇಪ್ಪತ್ತು ವರ್ಷದ ಮೇಲೆ 1 ಲಕ್ಷ ಡಾಲರ್ ಕೊಡಬೇಕು ಅಂದರೆ ಇವತ್ತು ಎಷ್ಟು ಇಡಬೇಕು? ಹಣ ವರ್ಷಕ್ಕೆ 7 ಶೇಕಡ ಬೆಳೆಯುತ್ತದೆ ಅಂದುಕೊಂಡರೆ ಸುಮಾರು 25,800. 5 ಶೇಕಡ ಅಂದುಕೊಂಡರೆ ಸುಮಾರು 37,700. ಅಂದುಕೊಳ್ಳುವ ದರ ಏರಿಸಿದರೆ ಹೊಣೆ ಕಾಗದದ ಮೇಲೆ ಕರಗುತ್ತದೆ. ಹಾಗಾಗಿ ನಾನು ‘ಅಂದಾಜು ಗಳಿಕೆ ದರ’ ಅಂತ ಇಟ್ಟೆ. ಏನೂ ಕೂಡಿಡದ ಕಡೆ ಗಳಿಕೆಯೇ ಇರುವುದಿಲ್ಲ, ಅಲ್ಲಿ ನಗರಗಳ ಬಾಂಡುಗಳ ಬಡ್ಡಿದರ ಹಿಡಿಯಬೇಕು ಅಂತ ನಿಯಮ. ಅಂಥ ಕಡೆ ನನ್ನ ಪದ ಕುಂಟುತ್ತದೆ, ಒಪ್ಪುತ್ತೇನೆ.

ಈ ಲೆಕ್ಕ ಹಾಕುವ ‘ಆಕ್ಚುಯರಿ’ಯನ್ನು ‘ವಿಮಾಗಣಕ’ ಅನ್ನಬಹುದು. ಆದರೆ ಪಿಂಚಣಿಯಲ್ಲಿ ವಿಮೆ ಎಲ್ಲಿ ಬಂತು ಅಂತ ಓದುಗರು ಕೇಳಿದರೆ? ‘ಆಕ್ಚುಯರಿ’ಯನ್ನೇ ಉಳಿಸಿ, ‘ಮುಂದಿನ ಖರ್ಚು ಅಂದಾಜಿಸುವ ಲೆಕ್ಕತಜ್ಞ’ ಅಂತ ಒಂದು ಸಲ ಬಿಡಿಸಿದ್ದೇನೆ.

ಕೊನೆಯದೊಂದು, ಇದಕ್ಕೆ ನನ್ನ ಹತ್ತಿರ ಏನೂ ಇಲ್ಲ. ನಿವೃತ್ತರನ್ನೂ ಇಪ್ಪತ್ತೈದರ ಹುಡುಗರನ್ನೂ ಒಂದೇ ಗುಂಪಿಗೆ ಸೇರಿಸಿ ಒಂದೇ ಕಂತು ಹಾಕಿದರೆ, ನಿವೃತ್ತರು ಪೂರಾ ಕಂತು ತಾವೇ ಕಟ್ಟಿದರೂ, ವಯಸ್ಸಾದವರ ನಿಜವಾದ ಖರ್ಚಿನ ಒಂದು ಭಾಗ ಉಳಿದವರ ಕಂತಿನೊಳಗೆ ಸೇರಿರುತ್ತದೆ. ಅದನ್ನೂ ಲೆಕ್ಕದಲ್ಲಿ ತೋರಿಸಬೇಕು ಅಂತ ಗ್ಯಾಸ್ಬಿ ನಿಯಮ. ಇಂಗ್ಲಿಷಿನಲ್ಲಿ ‘ಇಂಪ್ಲಿಸಿಟ್ ಸಬ್ಸಿಡಿ’. ‘ಗುಪ್ತ ಸಹಾಯಧನ’ ಅಂದರೆ ಗುಪ್ತದಾನ ಆಗುತ್ತದೆ. ‘ಅಂತರ್ಗತ’ ಅತ್ತಿಗೆಗೆ ಅರ್ಥವಾಗಲಿಲ್ಲ. ‘ಒಳಗೇ ಸೇರಿದ ನೆರವು’ ಅಂತ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯದು ಯಾರಿಗಾದರೂ ಹೊಳೆದರೆ ಈ ವಾರದೊಳಗೆ ತಿಳಿಸಿ, ಕರಡು ಶನಿವಾರ ಕಳಿಸಬೇಕು. ‘ಮುನ್ನೆಲೆಕ್ಕ’ದ ಬಗ್ಗೆಯೂ ಹೇಳಿ, ನಗುವುದಿದ್ದರೂ ಸರಿ.