ಪದಚರ್ಚೆ: ಶಾಲಾ ಕಟ್ಟಡದ ‘ಇಂಧನ ದಕ್ಷತೆ’ ಮತ್ತು ‘ಅನುದಾನ’

ಎಲ್ಲರಿಗೂ ನಮಸ್ಕಾರ.

ಕ್ಯಾಲಿಫೋರ್ನಿಯಾದ ಶಾಲಾ ಕಟ್ಟಡಗಳ ಬಗ್ಗೆ ಕನ್ನಡದಲ್ಲಿ ಒಂದು ಬರಹ ಬರೆಯುತ್ತಿದ್ದೇನೆ. 2012ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ‘ಪ್ರೊಪೊಸಿಶನ್ 39’ ಎಂಬ, ಜನರೇ ಮತ ಹಾಕಿ ತೀರ್ಮಾನಿಸುವ ಕಾನೂನು ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಹಲವು ರಾಜ್ಯಗಳಲ್ಲಿ ವ್ಯವಹಾರ ಮಾಡುವ ಕಂಪನಿಗಳ ತೆರಿಗೆ ಲೆಕ್ಕ ಹಾಕುವ ರೀತಿ ಬದಲಾಯಿತು. ಹಾಗೆ ಬರುವ ಹೆಚ್ಚುವರಿ ತೆರಿಗೆಯಲ್ಲಿ ಅರ್ಧ, ವರ್ಷಕ್ಕೆ 55 ಕೋಟಿ ಡಾಲರ್ ಮೀರದಂತೆ, ಐದು ವರ್ಷ ಕಟ್ಟಡಗಳ ಇಂಧನ ದಕ್ಷತೆ ಹೆಚ್ಚಿಸುವಂಥ ಕೆಲಸಗಳಿಗೆ ಮೀಸಲಾಯಿತು. ದೊಡ್ಡ ಪಾಲು ಸಿಕ್ಕಿದ್ದು ಶಾಲೆಗಳಿಗೆ.

ನನಗೆ ತೊಡಕಾಗಿರುವುದು ‘ಇಂಧನ ದಕ್ಷತೆ’, ಅಂದರೆ ಇಂಗ್ಲಿಷಿನ ‘ಎನರ್ಜಿ ಎಫಿಶಿಯೆನ್ಸಿ’. ಪತ್ರಿಕೆಗಳಲ್ಲಿ ಇದನ್ನೂ ‘ಇಂಧನ ಉಳಿತಾಯ’ವನ್ನೂ ಒಂದೇ ಎಂಬಂತೆ ಬಳಸುತ್ತಾರೆ. ತರಗತಿಯಲ್ಲಿ ನಾಲ್ಕು ಟ್ಯೂಬ್‌ಲೈಟ್ ಇವೆ ಅಂದುಕೊಳ್ಳಿ. ಎರಡನ್ನು ಆರಿಸಿದರೆ ಕರೆಂಟ್ ಉಳಿಯುತ್ತದೆ, ಹಿಂದಿನ ಬೆಂಚಿನ ಮಕ್ಕಳಿಗೆ ಪುಸ್ತಕದ ಅಕ್ಷರ ಸರಿಯಾಗಿ ಕಾಣುವುದಿಲ್ಲ. ಅದರ ಬದಲು 32 ವ್ಯಾಟಿನ ಹಳೆ ಟ್ಯೂಬ್ ತೆಗೆದು 15 ವ್ಯಾಟಿನ ಎಲ್‌ಇಡಿ ಟ್ಯೂಬ್ ಹಾಕಿದರೆ ಬೆಳಕು ಹೆಚ್ಚುಕಡಿಮೆ ಅಷ್ಟೇ, ಕರೆಂಟ್ ಅರ್ಧ. ಆ ಹಣ ಕೊಟ್ಟಿದ್ದು ಈ ಎರಡನೆಯದಕ್ಕೆ. ‘ಉಳಿತಾಯ’ ಅಂತ ಬರೆದರೆ ಓದುಗರು ಮೊದಲನೆಯದನ್ನೇ ಹಿಡಿಯುತ್ತಾರೆ. ಮಕ್ಕಳನ್ನು ಕತ್ತಲಲ್ಲೋ ಸೆಕೆಯಲ್ಲೋ ಕೂರಿಸಿ ಬಿಲ್ ಇಳಿಸುವುದು ಯಾರಿಗೂ ಬೇಡ, ಅಲ್ವಾ?

‘ದಕ್ಷತೆ’ಗೂ ತೊಂದರೆ ಇದೆ. ‘ದಕ್ಷ ಅಧಿಕಾರಿ’ ಅಂತ ಕೇಳಿ ಕೇಳಿ ನಮಗೆ ಅದು ಮನುಷ್ಯರ ಗುಣವಾಗಿಬಿಟ್ಟಿದೆ. ‘ಇಂಧನ’ ಅಂದರೆ ಕೂಡಲೇ ನೆನಪಾಗುವುದು ಸೌದೆ, ಪೆಟ್ರೋಲ್. ಮಾತಿನಲ್ಲಿ ಈ ಅರ್ಥಕ್ಕೆ ತೀರಾ ಹತ್ತಿರ ಇರುವುದು ಗಾಡಿಯ ‘ಮೈಲೇಜ್’. ಅಷ್ಟೇ ದೂರ, ಕಡಿಮೆ ಎಣ್ಣೆ. ಕಟ್ಟಡಕ್ಕೆ ಅಂಥದೊಂದು ಪದ ಬೇಕು. ಸದ್ಯಕ್ಕೆ ‘ಕಡಿಮೆ ವಿದ್ಯುತ್ತಿನಲ್ಲಿ ಅಷ್ಟೇ ಕೆಲಸ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಶೀರ್ಷಿಕೆಗೆ ಅದು ಉದ್ದವಾಯಿತು.

ಇನ್ನು ‘ಅನುದಾನ’. ಬೇರೆ ಕಡೆ ಒಳ್ಳೆಯ ಪದವೇ. ಆದರೆ ಶಾಲೆಯ ಜೊತೆ ಬಂದ ಕೂಡಲೇ ‘ಅನುದಾನಿತ ಶಾಲೆ’ ನೆನಪಾಗಿ, ಶಿಕ್ಷಕರ ಸಂಬಳಕ್ಕೆ ಸರ್ಕಾರ ಕೊಡುವ ಹಣ ಅನ್ನಿಸುತ್ತದೆ. ‘ಸಹಾಯಧನ’ ಅಂದರೆ ಉಳಿದದ್ದನ್ನು ಶಾಲೆಯೇ ಹಾಕಬೇಕೇನೋ ಎಂಬ ಅನುಮಾನ ಬರುತ್ತದೆ. ಹಾಗಾಗಿ ‘ಕಟ್ಟಡ ಅನುದಾನ’ ಅಂತ ಸೇರಿಸಿ ಬರೆಯುವುದು ವಾಸಿ ಎಂದು ನನಗನಿಸುತ್ತದೆ. ಅದೇ ಕ್ಯಾಲಿಫೋರ್ನಿಯಾದಲ್ಲಿ ಶಾಲೆಗಳಿಗೆ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಬಿಲ್ಲಿನಲ್ಲಿ ಉಳಿದ ಹಣದಿಂದ ಶಾಲೆ ಸಾಲ ತೀರಿಸುತ್ತದೆ, ಆ ಹಣ ಮತ್ತೊಂದು ಕಡೆಗೆ ಸಾಲವಾಗಿ ಹೋಗುತ್ತದೆ. ಇದಕ್ಕೆ ಸ್ವಸಹಾಯ ಸಂಘದ ಹೆಂಗಸರು ಬಳಸುವ ‘ಸುತ್ತುನಿಧಿ’ ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ! ಹೊಸದು ಹುಡುಕುವ ಅಗತ್ಯವೇ ಇಲ್ಲ.

ಕೊನೆಯದು ‘ರೆಟ್ರೊಫಿಟ್’, ಅಂದರೆ ಈಗಾಗಲೇ ಇರುವ ಕಟ್ಟಡಕ್ಕೆ ಕಡಿಮೆ ವಿದ್ಯುತ್ ಸಾಕಾಗುವಂಥದ್ದನ್ನು ಅಳವಡಿಸುವುದು. ಅದಕ್ಕೆ ‘ಮರುಜೋಡಣೆ’ ಅಂದರೆ ಬಿಚ್ಚಿದ್ದನ್ನೇ ಮತ್ತೆ ಜೋಡಿಸಿದಂತೆ. ‘ದುರಸ್ತಿ’ ಅನ್ನಲು ಏನೂ ಕೆಟ್ಟಿಲ್ಲ, ಹಳೆ ಟ್ಯೂಬ್ ಉರಿಯುತ್ತಲೇ ಇದೆ. ‘ನವೀಕರಣ’ ಅಂದರೆ ಸುಣ್ಣಬಣ್ಣ, ನೆಲದ ಟೈಲ್ಸ್ ಎಲ್ಲವೂ ಅದರೊಳಗೆ ಬರುತ್ತವೆ. ಹಾಕಿದ ಹಣಕ್ಕಿಂತ ಬಿಲ್ಲಿನಲ್ಲಿ ಉಳಿಯುವುದು ಜಾಸ್ತಿ ಎಂದು ಶಾಲೆಗಳು ಮೊದಲೇ ಲೆಕ್ಕ ತೋರಿಸಬೇಕಿದ್ದ ಯೋಜನೆ ಪ್ರೊಪೊಸಿಶನ್ 39ರದು. ಬಣ್ಣ ಬಳಿದು ಆ ಲೆಕ್ಕ ತೋರಿಸಲಾಗದು. ‘ಸಲಕರಣೆ ಬದಲಾವಣೆ’ ದೀಪಕ್ಕೆ, ಎಸಿಗೆ ಸರಿ. ಚಾವಣಿಗೆ ಶಾಖ ತಡೆಯುವ ಪದರ ಹಾಕಿದರೆ ಅದು ಸಲಕರಣೆಯೂ ಅಲ್ಲ, ಬದಲಾವಣೆಯೂ ಅಲ್ಲ.

ವಿದ್ಯುತ್ ಗುತ್ತಿಗೆದಾರರು, ಎಂಜಿನಿಯರುಗಳು ಇದನ್ನು ಕನ್ನಡದಲ್ಲಿ ಮಾತಾಡುವಾಗ ಏನನ್ನುತ್ತಾರೆ? ಕಡತದ ಪದ ಬೇಡ, ಕೆಲಸದ ಜಾಗದಲ್ಲಿ ಕೇಳಿದ್ದು ಬೇಕು. ‘ದಕ್ಷತೆ’ಗೆ ಬದಲಿ ಸಿಕ್ಕರೆ ಅದನ್ನು ಒಂದು ವಾಕ್ಯದಲ್ಲಿ ಬಳಸಿ ತೋರಿಸಿ.