ಎಲ್ಲಾ ಕಡೆ ಆಡುವ ರಿಸೀವರ್‌ನನ್ನು ಡ್ರಾಫ್ಟ್ ಮಾಡಿದವರು ನಿಮ್ಮ ಅನುಭವ ಹೇಳಿ

ಡಲ್ಲಾಸ್‌ನಿಂದ ಪ್ರಶ್ನೆ
ನಮ್ಮದು ಡೈನಸ್ಟಿ ಲೀಗ್, ಅಂದರೆ ಎನ್‌ಎಫ್‌ಎಲ್‌ನ (ಅಮೆರಿಕನ್ ಫುಟ್‌ಬಾಲ್) ಅಸಲಿ ಆಟಗಾರರನ್ನು ಆರಿಸಿ, ವರ್ಷಗಟ್ಟಲೆ ಇಟ್ಟುಕೊಂಡು, ಅವರ ಆಟಕ್ಕೆ ಪಾಯಿಂಟ್ ಎಣಿಸುವ ಫ್ಯಾಂಟಸಿ ಆಟ. ಹೊಸ ಆಟಗಾರರನ್ನು ಆರಿಸಿಕೊಳ್ಳುವ ರೂಕಿ ಡ್ರಾಫ್ಟ್ ಹತ್ತಿರ ಬಂತು. ನನ್ನದು ನಾಲ್ಕನೇ ಪಿಕ್ (ಆರಿಸುವ ಸರದಿ). ಎಸೆದ ಚೆಂಡು ಹಿಡಿಯುವ ಒಬ್ಬ ರಿಸೀವರ್ ಮೇಲೆ ಕಣ್ಣಿದೆ. ಒಳಗಿನ ಜಾಗ ಸ್ಲಾಟ್‌ನಲ್ಲಿ ನಿಲ್ಲುತ್ತಾನೆ, ಹೊರಗೂ ನಿಲ್ಲುತ್ತಾನೆ, ಅಡ್ಡಲಾಗಿ ಓಡಿಬಂದು ಚೆಂಡು ತಗೊಳ್ಳುವ ಜೆಟ್ ಸ್ವೀಪ್ ಓಡುತ್ತಾನೆ, ಎದುರಾಳಿ ಒದ್ದ ಚೆಂಡು ಹಿಡಿದು ವಾಪಸ್ ಓಡುವ ಪಂಟ್ ರಿಟರ್ನ್ ಕೂಡ ಮಾಡುತ್ತಾನೆ. ಅವನನ್ನು ಬಿಟ್ಟರೆ ರೂಟ್ (ಕ್ಯಾಚ್‌ಗಾಗಿ ಮೊದಲೇ ಗೊತ್ತುಮಾಡಿದ ಓಟದ ದಾರಿ) ಚೆನ್ನಾಗಿ ಓಡುವ ಸಾದಾ ರಿಸೀವರ್ ಒಬ್ಬ ಸಿಗುತ್ತಾನೆ. ಫುಲ್ ಪಿಪಿಆರ್ (ಪ್ರತಿ ಕ್ಯಾಚ್‌ಗೂ ಒಂದು ಪಾಯಿಂಟ್), ರಿಟರ್ನ್‌ಗೆ ಪಾಯಿಂಟ್ ಇಲ್ಲ. ಇಂಥವರನ್ನು ತಗೊಂಡವರು ಏನಾಯ್ತು ಅಂತ ಹೇಳಿ.

ಸಾಂತಾ ಕ್ಲಾರಾ
ಕಣ್ಮುಚ್ಚಿ ತಗೊಳ್ಳಿ. 2019ರಲ್ಲಿ ನಮ್ಮ ಲೀಗ್‌ನವರೆಲ್ಲ ಎನ್‌ಕೀಲ್ ಹ್ಯಾರಿ ಹಿಂದೆ ಬಿದ್ದಿದ್ದರು. ಪೇಟ್ರಿಯಟ್ಸ್ ಟೀಮ್ ಅವನನ್ನು ಅಸಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ರೌಂಡ್‌ನಲ್ಲೇ, 32ನೇ ಪಿಕ್‌ಗೆ ತಗೊಂಡಿತ್ತು ಅಂತ. ನಾನು 36ನೇ ಪಿಕ್‌ನಲ್ಲಿ ಫಾರ್ಟಿನೈನರ್ಸ್‌ಗೆ ಬಂದ ಡೀಬೋ ಸ್ಯಾಮ್ಯುಯೆಲ್‌ನನ್ನು ಆರಿಸಿದೆ. ಮಾರನೇ ವರ್ಷ ಅವನ ಪಾದದ ಮೂಳೆ ಮುರಿಯಿತು, ಆಮೇಲೆ ತೊಡೆಯ ಹಿಂದಿನ ಸ್ನಾಯು (ಹ್ಯಾಮ್‌ಸ್ಟ್ರಿಂಗ್), ಆಡಿದ್ದು 7 ಮ್ಯಾಚ್ ಅಷ್ಟೇ. ಆಗ ಎಲ್ಲರೂ ನನ್ನ ಹತ್ತಿರ ಚಿಲ್ಲರೆ ರೇಟಿಗೆ ಕೇಳಿದರು. ಕೊಡಲಿಲ್ಲ. 2021ರಲ್ಲಿ 1405 ಯಾರ್ಡ್ ಕ್ಯಾಚ್, ಓಡಿ 365 ಯಾರ್ಡ್, ಓಟದಲ್ಲೇ 8 ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿಯ ಎಂಡ್ ಝೋನ್ ಸೇರಿಸುವುದು). ಒಂದು ಸೀಸನ್‌ನಲ್ಲಿ ಯಾವ ರಿಸೀವರೂ ಅದಕ್ಕೆ ಮುಂಚೆ ಓಡಿ ಅಷ್ಟು ಟಚ್‌ಡೌನ್ ಮಾಡಿರಲಿಲ್ಲ. ನವೆಂಬರ್‌ನಲ್ಲಿ ಸೋಮವಾರ ರಾತ್ರಿ ರಾಮ್ಸ್ ಜೊತೆ ಮ್ಯಾಚ್ ಇತ್ತಲ್ಲ, ಅವತ್ತು ನಾನು ಲೀವೈಸ್ ಸ್ಟೇಡಿಯಂನಲ್ಲೇ ಇದ್ದೆ. ಅವನು ಹೋಗಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಹಿಂದೆ, ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಜಾಗದಲ್ಲಿ ನಿಂತ ತಕ್ಷಣ ಪಕ್ಕದ ಸೀಟಿನವರೆಲ್ಲ ಎದ್ದು ನಿಂತರು. ಚೆಂಡು ಕೊಟ್ಟರು, ಎಂಡ್ ಝೋನ್ ಸೇರಿಸಿಯೇ ಬಿಟ್ಟ.

ಮಿನಿಯಾಪೊಲಿಸ್
ಡೀಬೋ ಹೆಸರು ಹೇಳಿ ಹೇಳಿ ಎಷ್ಟು ಜನರ ದುಡ್ಡು ಹಾಳು ಮಾಡ್ತೀರಿ ಸರ್? 2013ರಲ್ಲಿ ವೈಕಿಂಗ್ಸ್ 29ನೇ ಪಿಕ್‌ಗೋಸ್ಕರ ಪೇಟ್ರಿಯಟ್ಸ್‌ಗೆ ನಾಲ್ಕು ಪಿಕ್ ಕೊಟ್ಟಿತು: 52, 83, 102, 229. ಕೊಟ್ಟು ತಂದಿದ್ದು ಕೊರ್ಡರೆಲ್ ಪ್ಯಾಟರ್ಸನ್‌ನನ್ನು. ಆ 52ರಲ್ಲಿ ಅವರಿಗೆ ಜೇಮಿ ಕಾಲಿನ್ಸ್ ಸಿಕ್ಕ, 83ರಲ್ಲಿ ಲೋಗನ್ ರಯನ್. ನಾನೂ ನನ್ನ ಲೀಗ್‌ನಲ್ಲಿ ಅವನಿಗೋಸ್ಕರ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಕೊಟ್ಟೆ. ಮೊದಲ ಸೀಸನ್ ಬೆಂಕಿ, ಪ್ಯಾಕರ್ಸ್ ಮೇಲೆ 109 ಯಾರ್ಡ್ ಕಿಕ್ ರಿಟರ್ನ್. ಅದಕ್ಕೆ ನನ್ನ ಖಾತೆಗೆ ಸೊನ್ನೆ. 2014ರಲ್ಲಿ 384 ಯಾರ್ಡ್. 2015ರಲ್ಲಿ ಎಷ್ಟು ಗೊತ್ತಾ? ಇಡೀ ಸೀಸನ್‌ಗೆ 2 ಕ್ಯಾಚ್, 10 ಯಾರ್ಡ್! ನಮ್ಮ ಲೀಗ್‌ನಲ್ಲಿ ವರ್ಷಕ್ಕೆ 150 ಡಾಲರ್ ಫೀ, ಅಷ್ಟೂ ವರ್ಷ ಅವನು ನನ್ನ ಒಂದು ಜಾಗ ಹಿಡಿದು ಕೂತಿದ್ದ. 2021ರಲ್ಲಿ ಫಾಲ್ಕನ್ಸ್‌ನಲ್ಲಿ ಓಡಿ 618, ಹಿಡಿದು 548 ಯಾರ್ಡ್ ಮಾಡಿದ. ಅಷ್ಟೊತ್ತಿಗೆ ಬೇರೆಯವರ ಟೀಮ್. ಹೊಟ್ಟೆ ಉರಿಯುತ್ತೆ ಈಗಲೂ.

ಸಾಂತಾ ಕ್ಲಾರಾ
ಅದು ನಿಮ್ಮ ಕೋಚ್‌ಗಳ ತಪ್ಪು. ಅಂಥವನಿಗೆ ಪ್ಲೇ ಬರೆಯೋಕೆ ಬರಬೇಕು.

ಸೇಂಟ್ ಲೂಯಿಸ್
ಇಬ್ಬರೂ ಸ್ವಲ್ಪ ಸುಮ್ನಿರಿ. ರಿಟರ್ನ್‌ಗೆ ಪಾಯಿಂಟ್ ಇಲ್ಲ ಅಂದಿದ್ದಾರಲ್ಲ, ನನ್ನ ಕಥೆ ಅದೇ. 2013ರಲ್ಲಿ ರಾಮ್ಸ್ 16ನೇ ಪಿಕ್‌ನಿಂದ 8ಕ್ಕೆ ಜಿಗಿದು ಟೇವಾನ್ ಆಸ್ಟಿನ್‌ನನ್ನು ತಗೊಂಡಿತು. ಕೋಲ್ಟ್ಸ್ ಮೇಲೆ ಒಂದೇ ಮ್ಯಾಚ್‌ನಲ್ಲಿ 98 ಯಾರ್ಡ್ ಪಂಟ್ ರಿಟರ್ನ್, 57 ಮತ್ತು 81 ಯಾರ್ಡ್‌ನ ಕ್ಯಾಚ್, ಮೂರೂ ಟಚ್‌ಡೌನ್. ನನಗೆ ಆ ಮೊದಲನೆಯದು ಲೆಕ್ಕಕ್ಕೇ ಇಲ್ಲ. ಆ ಒಂದು ಭಾನುವಾರದ ಆಸೆಗೆ ಎಷ್ಟು ಸೀಸನ್ ಕಾದೆ! ಒಂದು ವರ್ಷವೂ 600 ಯಾರ್ಡ್ ಕ್ಯಾಚ್ ದಾಟಲಿಲ್ಲ. ಕೋಚ್‌ಗಳು ಇಂಥವನನ್ನು ಒಗ್ಗರಣೆ ತರ ಬಳಸುತ್ತಾರೆ, ಊಟ ಬೇರೆಯವರದ್ದು. 2016ರಲ್ಲಿ ಟೀಮೇ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಟಿಕೆಟ್, ಜೆರ್ಸಿ ಅಂತ ದುಡ್ಡು ಸುರಿದ ನಮ್ಮನ್ನು ಕೇಳುವವರು ಯಾರೂ ಇಲ್ಲ.

ಸಿಯಾಟಲ್
ಮಿನಿಯಾಪೊಲಿಸ್‌ನವರು ಪರ್ಸಿ ಹಾರ್ವಿನ್ ಬಗ್ಗೆ ಯಾಕೆ ಬಾಯಿ ಬಿಡ್ತಿಲ್ಲ? 2009ರಲ್ಲಿ 22ನೇ ಪಿಕ್, ಆ ವರ್ಷದ ಅಫೆನ್ಸಿವ್ ರೂಕಿ (ದಾಳಿ ಕಡೆಯ ಅತ್ಯುತ್ತಮ ಹೊಸ ಆಟಗಾರ) ಪ್ರಶಸ್ತಿ. ಕೈಲಿದ್ದವನನ್ನು ಉಳಿಸಿಕೊಳ್ಳಲು ಆಗಲಿಲ್ಲ. ನಮ್ಮಲ್ಲಿಗೆ ಬಂದು ಸೂಪರ್ ಬೌಲ್ ಫೈನಲ್‌ನ ಸೆಕೆಂಡ್ ಹಾಫ್‌ನ ಮೊದಲ ಕಿಕ್ ಅನ್ನೇ 87 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ.

ಮಿನಿಯಾಪೊಲಿಸ್
ಆ ಒಂದು ಓಟಕ್ಕೆ ನೀವು ಮೊದಲ ರೌಂಡ್, ಮೂರನೇ ರೌಂಡ್, ಏಳನೇ ರೌಂಡ್ ಪಿಕ್ ಕೊಟ್ಟಿರಿ, ಮೇಲೆ ದೊಡ್ಡ ಕಾಂಟ್ರಾಕ್ಟ್. ಸೊಂಟದ ಆಪರೇಷನ್ ಆಗಿ ಆ ಸೀಸನ್ ಲೀಗ್ ಮ್ಯಾಚ್ ಆಡಿದ್ದು ಒಂದೇ. ಮಾರನೇ ಸೀಸನ್ ಅರ್ಧದಲ್ಲೇ ಜೆಟ್ಸ್‌ಗೆ ಸಾಗಹಾಕಿದಿರಿ. ನಮಗೆ ಆ ಪಿಕ್‌ನಲ್ಲಿ ಝೇವಿಯರ್ ರೋಡ್ಸ್ ಬಂದ. ಲಾಭ ಯಾರಿಗೆ?

ಸಿಯಾಟಲ್
ಕಪ್ ಯಾರ ಮನೆಯಲ್ಲಿದೆ ನೋಡಿ, ಗೊತ್ತಾಗುತ್ತೆ.

ಜ್ಯಾಕ್ಸನ್‌ವಿಲ್
ಹಳೇ ಕಥೆ ಬಿಡಿ. 2025ರಲ್ಲಿ ಜಾಗ್ವಾರ್ಸ್ ಟ್ರಾವಿಸ್ ಹಂಟರ್‌ಗೋಸ್ಕರ ಎರಡನೇ ಪಿಕ್‌ಗೆ ಏರಿತು. ಬ್ರೌನ್ಸ್‌ಗೆ 5, 36, 126, ಜೊತೆಗೆ 2026ರ ಮೊದಲ ರೌಂಡ್ ಪಿಕ್. ರಿಸೀವರೂ ಅವನೇ, ಎದುರಾಳಿ ರಿಸೀವರ್‌ನನ್ನು ತಡೆಯುವ ಕಾರ್ನರ್‌ಬ್ಯಾಕೂ ಅವನೇ. ಲಂಡನ್‌ನಲ್ಲಿ ರಾಮ್ಸ್ ಮೇಲೆ 8 ಕ್ಯಾಚ್, 101 ಯಾರ್ಡ್. ಈಗ ದಾರಿಗೆ ಬಂದ ಅಂದುಕೊಳ್ಳುವಷ್ಟರಲ್ಲಿ ಪ್ರಾಕ್ಟೀಸ್‌ನಲ್ಲಿ ಮಂಡಿ ಹೋಯಿತು, ಸೀಸನ್ ಮುಗಿಯಿತು. ನಾನು ಮಾರಲ್ಲ. ಒಂದೇ ಸೀಸನ್ ನೋಡಿ ಕೈಬಿಡುವವರು ಡೈನಸ್ಟಿ ಆಡಲೇಬಾರದು.

ಮಿನಿಯಾಪೊಲಿಸ್
ಅದನ್ನೇ ನಾನೂ ಹೇಳುತ್ತಿದ್ದೆ, ಎರಡು ವರ್ಷ. ಇನ್ನೊಂದು ಕೇಳಿ. ಆ ಡೀಬೋನೇ 2022ರಲ್ಲಿ ಟ್ರೇಡ್ ಮಾಡಿ ಅಂತ ಕೇಳಿದ. 2025ರಲ್ಲಿ ವಾಷಿಂಗ್ಟನ್‌ಗೆ ಹೋಗಿದ್ದು ಎಷ್ಟಕ್ಕೆ? ಐದನೇ ರೌಂಡ್ ಪಿಕ್‌ಗೆ. ಓಡಿಸಿ ಓಡಿಸಿ ಮೈ ಸವೆಸಿದರು.

ಸಾಂತಾ ಕ್ಲಾರಾ
ಟ್ರೇಡ್ ಕೇಳಿದ ಆ ವರ್ಷವೇ 71.55 ಮಿಲಿಯನ್ ಡಾಲರ್‌ಗೆ ಮೂರು ವರ್ಷದ ಸಹಿ ಹಾಕಿದ, ಅದನ್ನೂ ಹೇಳಿ. 2023ರಲ್ಲಿ ಮತ್ತೆ 12 ಟಚ್‌ಡೌನ್. ಆ ಸೀಸನ್ ಮುಗಿದ ಮೇಲೆ ನಾನು ಎರಡು ಮೊದಲ ರೌಂಡ್ ಪಿಕ್‌ಗೆ ಮಾರಿದೆ. ಡಲ್ಲಾಸ್‌ನವರೇ, ಇವರ ಮಾತು ಕೇಳಿ ಹೆದರಬೇಡಿ. ಹುಡುಗನ ಕೋಚ್ ಯಾರು ಅಂತ ನೋಡಿ ತಗೊಳ್ಳಿ.

ಸೇಂಟ್ ಲೂಯಿಸ್
ಕೋಚ್ ನಾಳೆ ಬದಲಾಗುತ್ತಾನೆ. ರೂಟ್ ಓಡುವವನನ್ನೇ ತಗೊಳ್ಳಿ.